ಕಾರಿನ ಟೆಂಪರೇಚರ್ ಮೀಟರ್ ತಪ್ಪು ತೋರಿಸುತ್ತಿದೆಯೇ? ದೋಷ ಪತ್ತೆಹಚ್ಚುವ ಕ್ರಮ

ಟೆಂಪರೇಚರ್ ಮೀಟರ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ನಾಲ್ಕೇ ಬಗೆಯವು. ಎಷ್ಟು ದೂರ ಓಡಿಸಿದರೂ ಮುಳ್ಳು ಏಳುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಕೆಂಪು ಗೆರೆಗೆ ಹೋಗಿ ನಿಲ್ಲುತ್ತದೆ. ಮುಳ್ಳು ಇದ್ದಕ್ಕಿದ್ದಂತೆ ಏರಿಳಿಯುತ್ತದೆ. ಸೆನ್ಸರ್ ಬದಲಾಯಿಸಿದ್ದಾಯಿತು, ದುಡ್ಡೂ ಹೋಯಿತು, ಮುಳ್ಳು ಮಾತ್ರ ಮೊದಲಿನಂತೆಯೇ ಇದೆ. ನಾಲ್ಕಕ್ಕೂ ಉತ್ತರ ಶುರುವಾಗುವುದು ಒಂದೇ ಕಡೆಯಿಂದ. ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ಆ ಮೀಟರ್‌ನ ನೆರವಿಲ್ಲದೆ, ಎಂಜಿನ್ನಿನ ನಿಜವಾದ ಬಿಸಿ ಎಷ್ಟೆಂಬುದನ್ನು ಬೇರೊಂದು ಸಾಧನದಿಂದ ಅಳೆಯಬೇಕು. ಈ ಅಳತೆಯಿಲ್ಲದೆ ಒಂದೊಂದೇ ಬಿಡಿಭಾಗ ಬದಲಾಯಿಸುತ್ತ ಹೋಗುವುದು ದುಬಾರಿ ಮಾತ್ರವಲ್ಲ, ಅಪಾಯಕಾರಿ ಕೂಡ. ಮುಳ್ಳು ಕೆಳಗಿರುವುದನ್ನು ಕಂಡು ನೆಮ್ಮದಿಯಿಂದ ಘಾಟಿ ಹತ್ತಿದ ಗಾಡಿಯಲ್ಲಿ ನಿಜಕ್ಕೂ ನೀರೇ ಇಲ್ಲದಿರಬಹುದು.

ಕೆಳಗಿನ ಕ್ರಮವನ್ನು ಮನೆಯಂಗಳದಲ್ಲಿಯೇ ಮಾಡಬಹುದಾದಷ್ಟು ಸರಳವಾಗಿ ಕೊಟ್ಟಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಂದು ಹಂತದ ಫಲಿತಾಂಶದ ಮೇಲೆ ಮುಂದಿನದು ನಿಂತಿದೆ.

ಮೊದಲು, ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಮೀಟರ್?

ಹಳೆಯ ಕಾರುಗಳಲ್ಲಿ, ಉದಾಹರಣೆಗೆ ಮಾರುತಿ 800, ಓಮ್ನಿಗಳ ಕಾಲದ ಗಾಡಿಗಳಲ್ಲಿ, ಮೀಟರ್‌ಗೆಂದೇ ಪ್ರತ್ಯೇಕವಾದ ಒಂದು ಸೆಂಡರ್ ಇರುತ್ತದೆ. ಸೆಂಡರ್ ಎಂದರೆ ಎಂಜಿನ್ನಿನ ನೀರಿನ ದಾರಿಯಲ್ಲಿ ತಿರುಗಿಸಿ ಕೂರಿಸಿದ ಹಿತ್ತಾಳೆಯ ಸಣ್ಣ ತುಂಡು. ಅದರೊಳಗಿನ ವಸ್ತು ಬಿಸಿಯಾದಂತೆಲ್ಲ ವಿದ್ಯುತ್ತಿಗೆ ಒಡ್ಡುವ ಪ್ರತಿರೋಧ ಕಡಿಮೆಯಾಗುತ್ತದೆ. ಅದಕ್ಕೆ ಬರುವುದು ಒಂದೇ ವೈರ್. ಇನ್ನೊಂದು ತುದಿ ಎಂಜಿನ್ನಿನ ಲೋಹದ ಮೂಲಕವೇ ಬ್ಯಾಟರಿಯ ನೆಗೆಟಿವ್‌ಗೆ ಸೇರುತ್ತದೆ. ಗ್ಯಾರೇಜಿನಲ್ಲಿ ಇದನ್ನೇ ಬಾಡಿ ಅರ್ಥ್ ಎನ್ನುತ್ತಾರೆ. ಈ ಬಗೆಯಲ್ಲಿ ಸೆಂಡರ್‌ನಿಂದ ಮುಳ್ಳಿಗೆ ನೇರ ಸಂಪರ್ಕವಿದೆ, ಆದ್ದರಿಂದ ಪರೀಕ್ಷೆಯೂ ನೇರ.

ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಬಂದ ಮೇಲೆ ಎರಡು ವೈರಿನ ಸೆನ್ಸರ್ ಬಂತು. ಅದು ಮಾಹಿತಿ ಕೊಡುವುದು ಇಸಿಯುಗೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಗೆ. ಕೆಲವು ಮಾದರಿಗಳಲ್ಲಿ ಇಸಿಯುಗೆ ಎರಡು ವೈರಿನದು, ಮೀಟರ್‌ಗೆ ಒಂದು ವೈರಿನದು ಎಂದು ಎರಡೂ ಅಕ್ಕಪಕ್ಕದಲ್ಲಿರುತ್ತವೆ. ಇನ್ನೂ ಹೊಸ ಗಾಡಿಗಳಲ್ಲಿ ಸೆನ್ಸರ್ ಒಂದೇ. ಇಸಿಯು ಅದನ್ನು ಓದಿ, ಡ್ಯಾಶ್‌ಬೋರ್ಡಿನ ಮೀಟರ್ ಕ್ಲಸ್ಟರ್‌ಗೆ, ಅಂದರೆ ಮೀಟರ್‌ಗಳೆಲ್ಲ ಇರುವ ಪೆಟ್ಟಿಗೆಗೆ, ದತ್ತಾಂಶದ ರೂಪದಲ್ಲಿ ಕಳಿಸುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಿ. ಇಂಥ ಅನೇಕ ಕಾರುಗಳಲ್ಲಿ ನೀರಿನ ಬಿಸಿ ಸುಮಾರು 75ರಿಂದ 105 ಡಿಗ್ರಿಯವರೆಗೆ ಎಲ್ಲೇ ಇದ್ದರೂ ಮುಳ್ಳು ನಡುವಿನಿಂದ ಅಲುಗುವುದಿಲ್ಲ. ಗ್ರಾಹಕರು ಗಾಬರಿಯಾಗದಿರಲಿ ಎಂದು ತಯಾರಕರೇ ಹಾಗೆ ಮಾಡಿರುತ್ತಾರೆ. ಮುಳ್ಳು ನಡುಮಧ್ಯದಲ್ಲಿ ಕಲ್ಲಿನಂತೆ ನಿಂತಿರುವುದು ದೋಷವಲ್ಲ. ಆದರೆ ಅಂಥ ಮೀಟರ್‌ನಲ್ಲಿ ಮುಳ್ಳು ನಡುವಿನಿಂದ ಮೇಲಕ್ಕೆ ಹೊರಟಿತೆಂದರೆ ಆಗಲೇ ತಡವಾಗಿದೆ ಎಂದು ತಿಳಿಯಬೇಕು.

ಇತ್ತೀಚಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ನೀಲಿ ದೀಪ ಎಂಜಿನ್ ಇನ್ನೂ ತಣ್ಣಗಿದೆ ಎಂದೂ ಕೆಂಪು ದೀಪ ಮಿತಿಮೀರಿ ಬಿಸಿಯಾಗಿದೆ ಎಂದೂ ಸೂಚಿಸುತ್ತದೆ. ಎರಡು ವೈರಿನ ಸೆನ್ಸರ್‌ಗೆ ಮುಂದೆ ಹೇಳಿರುವುದೆಲ್ಲ ಈ ಕಾರುಗಳಿಗೂ ಅನ್ವಯಿಸುತ್ತದೆ.

ಕೆಲವು ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ವೈರಿನ ಬದಲು ಸಣ್ಣ ಲೋಹದ ನಳಿಕೆ ಮೀಟರ್‌ನಿಂದ ಎಂಜಿನ್‌ವರೆಗೂ ಹೋಗಿರುತ್ತದೆ. ಅದಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲ. ನಳಿಕೆ ಮುರಿದರೆ ಅಥವಾ ಮಡಚಿಕೊಂಡರೆ ಇಡೀ ಮೀಟರ್ ಬದಲಾಯಿಸುವುದೊಂದೇ ದಾರಿ. ಈ ಲೇಖನದ ಮುಂದಿನ ಪರೀಕ್ಷೆಗಳು ಅದಕ್ಕಲ್ಲ.

ಬೇಕಾಗುವ ಸಲಕರಣೆಗಳು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ದೂರದಿಂದಲೇ ಮೇಲ್ಮೈಯ ಬಿಸಿಯನ್ನು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ (ಜ್ವರ ನೋಡುವ ಮಾದರಿ ಬೇಡ, ಅದು ಇಷ್ಟು ಬಿಸಿಯನ್ನು ಅಳೆಯಲಾರದು). ಒಂದು ವೈರಿನ ಮೀಟರ್ ಆದರೆ 12 ವೋಲ್ಟ್, 3.4 ವ್ಯಾಟ್‌ನ ಸಣ್ಣ ಬಲ್ಬ್ ಮತ್ತು ಅದಕ್ಕೆ ಎರಡು ತುಂಡು ವೈರ್, ಮಾಸ್ಕಿಂಗ್ ಟೇಪ್, ದಪ್ಪ ಬಟ್ಟೆ. ಕಾರು 2013ರ ನಂತರದ್ದಾದರೆ ಮೊಬೈಲಿಗೆ ಬ್ಲೂಟೂತ್ ಮೂಲಕ ಸೇರುವ ಓಬಿಡಿ ಅಡಾಪ್ಟರ್ ಕೂಡ ಇರಲಿ. ಓಬಿಡಿ ಎಂದರೆ ಇಸಿಯುವಿನಲ್ಲಿ ದಾಖಲಾದ ದೋಷಗಳನ್ನೂ ಅಂಕಿಗಳನ್ನೂ ಹೊರಗೆ ಓದುವ ವ್ಯವಸ್ಥೆ. ಅದರ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗಿನ ಪ್ಯಾನೆಲ್‌ನಲ್ಲಿರುತ್ತದೆ.

ಎಚ್ಚರಿಕೆ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಪ್ರೆಷರ್ ಕುಕ್ಕರಿನಲ್ಲಿರುವಂತೆ ಅದರೊಳಗೂ ಒತ್ತಡವಿದೆ. ಸುಮಾರು 0.9 ಬಾರ್ ಒತ್ತಡದ ಮುಚ್ಚಳ ನೀರು ಕುದಿಯುವ ಮಟ್ಟವನ್ನು 118 ಡಿಗ್ರಿಯ ಆಸುಪಾಸಿಗೆ ಏರಿಸಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ನಿನಿಂದ ರೇಡಿಯೇಟರ್‌ನ ಮೇಲ್ಭಾಗಕ್ಕೆ ಹೋಗುವ ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ನೆಮ್ಮದಿಯಾಗಿ ಹಿಡಿಯುವಷ್ಟು ತಣಿಯುವವರೆಗೆ ಕಾಯಬೇಕು. ಎರಡನೆಯದಾಗಿ, ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆಫ್ ಆಗಿದ್ದರೂ ತಾನಾಗಿಯೇ ತಿರುಗಲು ಶುರುವಾಗಬಹುದು. ಬೆರಳು, ತೋಳು, ಸೆರಗು, ದುಪಟ್ಟಾ ಅದರ ಹತ್ತಿರ ಸುಳಿಯಬಾರದು. ಮೂರನೆಯದಾಗಿ, ಕೂಲೆಂಟ್, ಅಂದರೆ ಎಂಜಿನ್ ತಣಿಸಲು ರೇಡಿಯೇಟರ್‌ನಲ್ಲಿ ತುಂಬಿಸುವ ದ್ರವ (ಇಲ್ಲಿ ನೀರು ಎಂದಿರುವುದೂ ಇದನ್ನೇ), ವಿಷ. ಅದರ ರುಚಿ ಸಿಹಿಯಾದ್ದರಿಂದ ನಾಯಿ, ಬೆಕ್ಕುಗಳು ನೆಕ್ಕುವ ಸಂಭವವಿದೆ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆದುಬಿಡಿ.

ಹಂತ 1: ಮುಳ್ಳಿನ ವರ್ತನೆಯನ್ನು ಬರೆದಿಟ್ಟುಕೊಳ್ಳಿ

ಬಾನೆಟ್ ತೆರೆಯುವ ಮೊದಲು ಡ್ರೈವರ್ ಸೀಟಿನಲ್ಲಿ ಕುಳಿತು ಐದು ನಿಮಿಷ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಮುಳ್ಳು ಎಲ್ಲಿದೆ, ಎಂಜಿನ್ ಓಡುವಾಗ ಎಲ್ಲಿದೆ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗ ಏನಾಗುತ್ತದೆ ಎಂಬುದನ್ನು ಬರೆದುಕೊಳ್ಳಿ.

ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದು, ಆರಿಸಿದಾಗ ಹಿಂದಕ್ಕೆ ಬಂದರೆ, ಅದು ಬಿಸಿಯ ಸಮಾಚಾರವೇ ಅಲ್ಲ. ನೀರಿನ ಬಿಸಿ ಒಂದು ಸ್ವಿಚ್ ಒತ್ತಿದ್ದಕ್ಕೆ ಬದಲಾಗುವುದಿಲ್ಲ, ಅರ್ಥಿಂಗ್ ಸಡಿಲವಾಗಿದೆ. ಟೆಂಪರೇಚರ್ ಮುಳ್ಳಿನ ಜೊತೆಗೆ ಪೆಟ್ರೋಲ್ ಮುಳ್ಳೂ ತಪ್ಪು ತೋರಿಸುತ್ತಿದ್ದರೆ, ಎರಡು ಸೆಂಡರ್‌ಗಳು ಒಂದೇ ದಿನ ಕೆಡುವುದು ಅಪರೂಪವಾದ್ದರಿಂದ, ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಫ್ಯೂಸ್, ಕ್ಲಸ್ಟರ್‌ನ ಅರ್ಥಿಂಗ್, ಅಥವಾ ಅಂಬಾಸಡರ್‌ನಂಥ ಹಳೆಯ ಗಾಡಿಗಳಲ್ಲಿ ಮೀಟರ್‌ಗಳಿಗೆ ಸುಮಾರು 10 ವೋಲ್ಟ್ ಮಾತ್ರ ಹರಿಸುವ ವೋಲ್ಟೇಜ್ ಸ್ಟೆಬಿಲೈಸರ್. ತಣ್ಣನೆಯ ಎಂಜಿನ್ನಿನಲ್ಲಿ ಇಗ್ನಿಷನ್ ಹಾಕಿದೊಡನೆ ಮುಳ್ಳು ಎಚ್ ಅಕ್ಷರದ ತುದಿಗೆ ಓಡಿದರೆ ವೈರ್ ಎಲ್ಲೋ ಲೋಹಕ್ಕೆ ತಾಗಿ ಶಾರ್ಟ್ ಆಗಿದೆ, ಇಲ್ಲವೇ ಸೆಂಡರ್ ಒಳಗೇ ಶಾರ್ಟ್ ಆಗಿದೆ. ಯಾವಾಗಲೂ ಸಿ ಅಕ್ಷರದ ಬಳಿಯೇ ಬಿದ್ದುಕೊಂಡಿದ್ದರೆ ವೈರ್ ತುಂಡಾಗಿರಬಹುದು, ಸೆಂಡರ್ ಸತ್ತಿರಬಹುದು, ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತೆರೆದೇ ಉಳಿದಿರಬಹುದು, ಅಥವಾ ನೀರು ಖಾಲಿಯಾಗಿರಬಹುದು. ಈ ಕೊನೆಯ ಕಾರಣಕ್ಕಾಗಿಯೇ ಮುಂದಿನ ಹಂತವನ್ನು ಬಿಡುವಂತಿಲ್ಲ.

ಹಂತ 2: ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ

ರಾತ್ರಿಯೆಲ್ಲ ನಿಂತ ಗಾಡಿಯ ರೇಡಿಯೇಟರ್ ಮುಚ್ಚಳವನ್ನು ಬೆಳಿಗ್ಗೆ ತೆರೆದು ನೋಡಿ. ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಸರಿಯಾಗಿದೆ ಎಂದು ನೆಚ್ಚಿಕೊಂಡು ಬಿಡಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಿರುತ್ತದೆ. ರೇಡಿಯೇಟರ್‌ಗೆ ಮುಚ್ಚಳವೇ ಇಲ್ಲದೆ ಟ್ಯಾಂಕ್‌ಗೇ ಒತ್ತಡದ ಮುಚ್ಚಳ ಇರುವ ಕಾರುಗಳಲ್ಲಿ ಮಾತ್ರ ಟ್ಯಾಂಕಿನ ಗುರುತನ್ನು ನಂಬಬಹುದು.

ಸೆಂಡರ್‌ನ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದು ನೀರಿನ ಬಿಸಿಯನ್ನು ಹೇಳಬಲ್ಲದು. ಮಟ್ಟ ಇಳಿದು ತುದಿ ಗಾಳಿಗೆ ಬಂದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತದೆ, ಕೆಲವೊಮ್ಮೆ ಆವಿ ತಾಗಿದಾಗ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಏರಿಳಿಯುವ ಮುಳ್ಳನ್ನು ಕಂಡು ‘ಸೆನ್ಸರ್ ಹೋಗಿದೆ’ ಎಂದು ಹೇಳುವವರು ಬಹಳ. ಅಂಥ ದೂರುಗಳಲ್ಲಿ ಮೊದಲು ಶಂಕಿಸಬೇಕಾದದ್ದು ನೀರಿನ ಕೊರತೆಯನ್ನು ಮತ್ತು ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು.

ಮಟ್ಟ ಕಡಿಮೆಯಿದ್ದರೆ ತುಂಬಿಸಿ, ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ಹೋಸ್ ಪೈಪಿನ ಕ್ಲಿಪ್ಪುಗಳು, ವಾಟರ್ ಪಂಪಿನ ಕೆಳಭಾಗ, ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಿದೆಯೇ ಎಂಬುದು, ಇವಿಷ್ಟನ್ನು ನೋಡಿ. ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಆಯಿಲ್ ಮುಚ್ಚಳದ ಒಳಭಾಗ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾಗಿ ಉಬ್ಬಿದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಬಗ್ಗೆ ಯೋಚಿಸಬೇಕು. ಹಾಗಿದ್ದಲ್ಲಿ ಮೀಟರ್ ಸರಿಯಾಗಿಯೇ ಇದೆ. ಈ ಮಾರ್ಗದರ್ಶಿಯನ್ನು ಇಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಬಳಿಗೆ ಹೋಗಿ, ಸಾಧ್ಯವಾದರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿ.

ಹಂತ 3: ನಿಜವಾದ ಬಿಸಿಯನ್ನು ಅಳೆಯಿರಿ

ಇದೇ ಇಡೀ ಕೆಲಸದ ನಡುಗಂಬ. ಎಂಜಿನ್ ತಣ್ಣಗಿರುವಾಗಲೇ, ಮೇಲಿನ ಹೋಸ್ ಎಂಜಿನ್ನಿಗೆ ಸೇರುವ ಜಾಗದ ಲೋಹದ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ. ಹೆಚ್ಚಿನ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇರುವುದು ಅಲ್ಲೇ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಅದು ಇರುವುದಕ್ಕಿಂತ ಬಹಳ ಕಡಿಮೆ ಬಿಸಿಯನ್ನು ತೋರಿಸುತ್ತದೆ. ಟೇಪ್ ಅಂಟಿಸುವುದು ಈ ತಪ್ಪನ್ನು ತಪ್ಪಿಸಲಿಕ್ಕಾಗಿ.

ಎಸಿ ಆಫ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷಕ್ಕೊಮ್ಮೆ ಟೇಪ್ ಮೇಲಿನ ಅಂಕಿಯನ್ನೂ ಮುಳ್ಳಿನ ಸ್ಥಾನವನ್ನೂ ಬರೆದುಕೊಳ್ಳುತ್ತ ಹೋಗಿ. ಬಹುತೇಕ ಕಾರುಗಳ ಥರ್ಮೋಸ್ಟಾಟ್ 82 ಅಥವಾ 88 ಡಿಗ್ರಿಯ ಹೊತ್ತಿಗೆ ತೆರೆಯಲು ಶುರುವಾಗುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಸಾಮಾನ್ಯವಾಗಿ 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ತಿರುಗಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ಹೊರಮೈಯ ಅಳತೆ ಒಳಗಿನ ನೀರಿಗಿಂತ ಐದು-ಹತ್ತು ಡಿಗ್ರಿ ಕಡಿಮೆ ಬರುವುದು ಸಹಜ. ಮುಳ್ಳು ಸಿ ಬಳಿ ಮಲಗಿದ್ದರೂ ಟೇಪ್ ಮೇಲೆ 85 ಬಂದರೆ ತಪ್ಪು ಮೀಟರ್ ಕಡೆಯದು. ಮುಳ್ಳು ಕೆಂಪಿನಲ್ಲಿದ್ದು ಟೇಪ್ ಮೇಲೆ 85 ಬಂದರೂ ಹಾಗೆಯೇ. ಟೇಪ್ ಮೇಲೆ 105 ದಾಟಿತೆಂದರೆ ಕೂಡಲೇ ಎಂಜಿನ್ ಆಫ್ ಮಾಡಿ. ದೋಷ ಇರುವುದು ತಣಿಸುವ ವ್ಯವಸ್ಥೆಯಲ್ಲಿ.

ಓಬಿಡಿ ಅಡಾಪ್ಟರ್ ಇದ್ದವರು ಆ್ಯಪ್‌ನಲ್ಲಿ ಕೂಲೆಂಟ್ ಟೆಂಪರೇಚರ್ ಎಂಬ ಅಂಕಿಯನ್ನು ತೆರೆದಿಡಿ. ಆದರೆ ಒಂದು ಮಾತು: ಸೆನ್ಸರ್ ಒಂದೇ ಇರುವ ಕಾರಿನಲ್ಲಿ ಆ ಅಂಕಿಯೂ ಮುಳ್ಳೂ ಒಂದೇ ಮೂಲದಿಂದ ಬಂದವು. ಎರಡೂ ತಾಳೆಯಾದರೆ ಕ್ಲಸ್ಟರ್ ಸರಿಯಿದೆ ಎಂದಷ್ಟೇ ಅರ್ಥ. ಸೆನ್ಸರ್ ನಿಜ ಹೇಳುತ್ತಿದೆ ಎಂದಲ್ಲ. ಅದನ್ನು ತಿಳಿಯಲು ಟೇಪ್ ಮೇಲಿನ ಅಳತೆ ಬೇಕೇ ಬೇಕು. ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕೂಲೆಂಟ್ ಟೆಂಪರೇಚರ್ ಮತ್ತು ಇನ್‌ಟೇಕ್ ಏರ್ ಟೆಂಪರೇಚರ್ (ಎಂಜಿನ್ ಒಳಗೆಳೆಯುವ ಗಾಳಿಯ ಬಿಸಿ) ಎರಡನ್ನೂ ಓದಿ. ಎಲ್ಲವೂ ಹೊರಗಿನ ಹವೆಯ ಮಟ್ಟಕ್ಕೆ ಇಳಿದಿರುವುದರಿಂದ ಎರಡೂ ಒಂದೈದು ಡಿಗ್ರಿಯೊಳಗೆ ಹೊಂದಬೇಕು. 22 ಡಿಗ್ರಿಯ ಬೆಳಗಿನಲ್ಲಿ ಕೂಲೆಂಟ್ 55 ಎಂದು ಕಂಡರೆ ಸೆನ್ಸರ್ ಅಥವಾ ಅದರ ವೈರಿಂಗ್ ಸರಿಯಿಲ್ಲ.

ಹಂತ 4: ಥರ್ಮೋಸ್ಟಾಟ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ಊರಿನೊಳಗೆ ಮುಳ್ಳು ಸರಿಯಾಗಿದ್ದು, ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಸಿ ಕಡೆಗೆ ಇಳಿಯುತ್ತದೆ ಎನ್ನುವವರು ಮೀಟರ್ ಮುಟ್ಟುವ ಮೊದಲು ಇದನ್ನು ನೋಡಬೇಕು. ಥರ್ಮೋಸ್ಟಾಟ್ ಎಂದರೆ ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್. ‘ನಮ್ಮ ಹವೆಗೆ ಅದು ಬೇಡ ಸಾರ್’ ಎಂದು ಅದನ್ನು ತೆಗೆದು ಬಿಸಾಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಬೇಡ ಎನ್ನುವುದು ಶುದ್ಧ ತಪ್ಪು. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ.

ಪರೀಕ್ಷೆಗೆ ಬಿಚ್ಚುವ ಅಗತ್ಯವಿಲ್ಲ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್ ಕಡೆಯ ಮೇಲಿನ ಹೋಸ್ ಬಿಸಿಯಾಗುವುದನ್ನು ಥರ್ಮಾಮೀಟರ್‌ನಿಂದ ಗಮನಿಸಿ. ಸರಿಯಾದ ಥರ್ಮೋಸ್ಟಾಟ್ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಎಂಜಿನ್ ಜೊತೆಜೊತೆಗೇ ನಿಧಾನವಾಗಿ ಬೆಚ್ಚಗಾಗುತ್ತ ಬಂದರೆ ವಾಲ್ವ್ ತೆರೆದೇ ಇದೆ ಅಥವಾ ಇಲ್ಲವೇ ಇಲ್ಲ. ಸ್ಕ್ಯಾನರ್‌ನಲ್ಲಿ, ಅಂದರೆ ಓಬಿಡಿ ಅಡಾಪ್ಟರ್‌ನ ಆ್ಯಪ್‌ನಲ್ಲಿ, ಪಿ0128 ಎಂಬ ದೋಷದ ಕೋಡ್ ಬಂದಿದ್ದರೆ ಅದೂ ಇದನ್ನೇ ಹೇಳುತ್ತಿದೆ.

ಹಂತ 5: ಫ್ಯೂಸ್, ವೈರ್, ಅರ್ಥಿಂಗ್

ನಿಜವಾದ ಬಿಸಿ ಸರಿಯಾಗಿದ್ದು ಮುಳ್ಳು ಮಾತ್ರ ತಪ್ಪು ಎಂದು ಖಾತ್ರಿಯಾದ ಮೇಲೆ ವಿದ್ಯುತ್ತಿನ ಕಡೆಗೆ ಬನ್ನಿ. ಮೀಟರ್ ಎಂದು ಗುರುತಿಸಿದ ಫ್ಯೂಸನ್ನು ತೆಗೆದು ನೋಡಿ. ನಂತರ ಸೆನ್ಸರ್‌ನ ಕನೆಕ್ಟರನ್ನು, ಗ್ಯಾರೇಜಿನವರು ಕಪ್ಲರ್ ಎನ್ನುವ ಪ್ಲಾಸ್ಟಿಕ್ ಜೋಡಣೆಯನ್ನು, ವೈರ್ ಹಿಡಿದು ಎಳೆಯದೆ ಅದರ ಲಾಕ್ ಒತ್ತಿ ಬಿಚ್ಚಿ. ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಇದ್ದರೆ, ಕರಾವಳಿಯ ಗಾಡಿಗಳಲ್ಲಿ ಇದು ಸಾಮಾನ್ಯ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಸಣ್ಣ ಬ್ರಶ್‌ನಿಂದ ತಿಕ್ಕಿ ಒಣಗಿಸಿ. ವೈರಿನ ಉದ್ದಕ್ಕೂ ಇಲಿ ಕಚ್ಚಿದ ಗುರುತು ಹುಡುಕಿ. ತೆಂಗಿನ ತೋಟ, ಕೊಟ್ಟಿಗೆಗಳ ಪಕ್ಕ ನಿಲ್ಲುವ ಕಾರುಗಳಲ್ಲಿ ಮಾತ್ರವಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಇಲಿಗಳ ಕಾಟ ಇದ್ದದ್ದೇ.

ಅರ್ಥಿಂಗ್ ಪರೀಕ್ಷೆಯನ್ನು ಹೀಗೆ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನ ಕಡಿಮೆ ವ್ಯಾಪ್ತಿಗೆ ತಿರುಗಿಸಿ, ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಕೆಂಪು ಮೊನೆಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೂ ಒತ್ತಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿರಲಿ. ಅಂಕಿ 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು, 0.3ರಷ್ಟು ಬಂದರೆ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ, ತುದಿಗಳನ್ನು ಉಜ್ಜಿ, ಬಿಗಿಮಾಡಿ. ಅಂಕಿಯ ಹಿಂದೆ ಮೈನಸ್ ಚಿಹ್ನೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಅಂಕಿಯಷ್ಟೇ ಮುಖ್ಯ.

ಹಂತ 6: ಒಂದು ವೈರಿನ ಮೀಟರ್ ಆದರೆ

ಎಂಜಿನ್ ಆಫ್ ಇರಲಿ. ಸೆಂಡರ್‌ನ ವೈರ್ ಬಿಚ್ಚಿ, ಅದು ಎಲ್ಲಿಯೂ ತಾಗದಂತೆ ಹಿಡಿದು, ಇಗ್ನಿಷನ್ ಆನ್ ಮಾಡಿಸಿ. ಮುಳ್ಳು ಸಿ ಬಳಿಯೇ ಇರಬೇಕು. ಆಗಲೂ ಎಚ್ ಕಡೆಗೇ ಹೋದರೆ ಸೆಂಡರ್ ನಿರಪರಾಧಿ. ವೈರ್ ಮಧ್ಯದಲ್ಲಿ ಶಾರ್ಟ್ ಆಗಿದೆ.

ಈಗ 3.4 ವ್ಯಾಟ್‌ನ ಬಲ್ಬಿನ ಒಂದು ತುದಿಯನ್ನು ಆ ವೈರಿಗೂ ಇನ್ನೊಂದು ತುದಿಯನ್ನು ಎಂಜಿನ್ನಿನ ಲೋಹಕ್ಕೂ ಹಿಡಿಯಿರಿ. ಕೆಲವು ಸೆಕೆಂಡಿನಲ್ಲಿ ಮುಳ್ಳು ಏಳಬೇಕು. ಎದ್ದರೆ ಮೀಟರ್, ವೈರ್ ಎರಡೂ ಸರಿ, ಕೆಟ್ಟಿರುವುದು ಸೆಂಡರ್. ಏಳದಿದ್ದರೆ ವೈರ್ ಅಥವಾ ಮೀಟರ್. ಅನೇಕರು ಬಲ್ಬ್ ಇಲ್ಲದೆ ವೈರನ್ನು ನೇರವಾಗಿ ಬಾಡಿಗೆ ಮುಟ್ಟಿಸುತ್ತಾರೆ. ಮುಳ್ಳು ಎಚ್‌ಗೆ ಓಡುತ್ತದೆ ನಿಜ, ಆದರೆ ಹೆಚ್ಚು ಹೊತ್ತು ಹಿಡಿದರೆ ಮೀಟರಿನೊಳಗಿನ ಸುರುಳಿ ಸುಡಬಹುದು. ಬಲ್ಬ್ ಅಷ್ಟು ಕರೆಂಟ್ ಹರಿಯದಂತೆ ತಡೆಯುತ್ತದೆ.

ಹಂತ 7: ಎರಡು ವೈರಿನ ಸೆನ್ಸರ್ ಆದರೆ

ಇಲ್ಲಿ ಬಲ್ಬಿನ ಪರೀಕ್ಷೆ ಸರ್ವಥಾ ಕೂಡದು, ಬ್ಯಾಟರಿಯ 12 ವೋಲ್ಟನ್ನಂತೂ ತೋರಿಸಲೇಬಾರದು. ಆ ವೈರ್ ಹೋಗುವುದು ಇಸಿಯುವಿನ ಒಳಕ್ಕೆ, ಮತ್ತು ಇಸಿಯುವಿನ ಬೆಲೆಗೆ ಹೋಲಿಸಿದರೆ ಸೆನ್ಸರ್‌ನ ಬೆಲೆ ಏನೂ ಅಲ್ಲ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ವೈರಿಂಗ್ ಕಡೆಯ ಎರಡು ಪಿನ್ನುಗಳ ನಡುವೆ ವೋಲ್ಟೇಜ್ ಅಳೆಯಿರಿ. ಸುಮಾರು 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ವೈರ್ ತುಂಡಾಗಿದೆ ಅಥವಾ ಇಸಿಯು ಕಡೆ ತೊಂದರೆಯಿದೆ.

ವೋಲ್ಟೇಜ್ ಸರಿಯಿದ್ದರೆ ಸ್ಕ್ಯಾನರ್ ನೋಡಿ. ಕನೆಕ್ಟರ್ ಬಿಚ್ಚಿದ ಸ್ಥಿತಿಯಲ್ಲಿ ಅನೇಕ ಕಾರುಗಳು -40 ಡಿಗ್ರಿ ತೋರಿಸುತ್ತವೆ; ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಪರಸ್ಪರ ಜೋಡಿಸಿದರೆ ಅಂಕಿ 120 ದಾಟಿ ಏರುತ್ತದೆ. ಹೀಗೆ ಎರಡು ತುದಿಗಳಿಗೂ ಅಂಕಿ ಓಡಿದರೆ ವೈರಿಂಗ್, ಇಸಿಯು ಎರಡೂ ಸರಿ. ಸೆನ್ಸರ್ ಮೇಲೆ ಸಂಶಯ. ಕೆಲವು ಇಸಿಯುಗಳು ದೋಷ ಗುರುತಿಸಿದ ಕೂಡಲೇ ತಮ್ಮದೇ ಒಂದು ಊಹೆಯ ಅಂಕಿಯನ್ನು ಇಟ್ಟುಕೊಂಡು, ಎಂಜಿನ್ ಕಾಪಾಡಲು ಫ್ಯಾನನ್ನು ಬಿಡದೆ ತಿರುಗಿಸುತ್ತವೆ. ತಣ್ಣನೆಯ ಗಾಡಿಯಲ್ಲಿ ಫ್ಯಾನ್ ಒಂದೇ ಸಮನೆ ಓಡುವುದು ಇದೇ ಕಾರಣಕ್ಕೆ ಇರಬಹುದು.

ಕೋಡ್‌ಗಳ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ಪಿ0117 ಎಂದರೆ ಸೆನ್ಸರ್‌ನ ಸಂಕೇತ ತೀರ ಕಡಿಮೆ, ಪಿ0118 ಎಂದರೆ ತೀರ ಹೆಚ್ಚು. ಇಲ್ಲಿ ಕಡಿಮೆ, ಹೆಚ್ಚು ಎನ್ನುವುದು ವೋಲ್ಟೇಜ್, ಬಿಸಿ ಅಲ್ಲ. ಬಿಸಿಯಾದಂತೆ ವೋಲ್ಟೇಜ್ ಇಳಿಯುವುದರಿಂದ ಪಿ0117 ಬಂದಾಗ ಇಸಿಯುಗೆ ಎಂಜಿನ್ ಕುದಿಯುತ್ತಿರುವಂತೆ ಕಾಣುತ್ತದೆ, ಅಂದರೆ ಶಾರ್ಟ್. ಪಿ0118 ಬಂದಾಗ ಹಿಮದಂತೆ ಕಾಣುತ್ತದೆ, ಅಂದರೆ ತುಂಡಾದ ವೈರ್. ಪಿ0119 ಬಂದರೆ ಸಂಪರ್ಕ ಆಗಾಗ ತಪ್ಪುತ್ತಿದೆ, ಕನೆಕ್ಟರ್ ಮತ್ತೊಮ್ಮೆ ನೋಡಿ.

ಹಂತ 8: ಸೆನ್ಸರನ್ನು ಬಿಸಿನೀರಿನಲ್ಲಿ ಪರೀಕ್ಷಿಸಿ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೆನ್ಸರ್ ಬಿಚ್ಚಿ. ಸ್ವಲ್ಪ ಕೂಲೆಂಟ್ ಸುರಿಯುತ್ತದೆ, ಕೆಳಗೆ ಪಾತ್ರೆ ಇಡಿ. ಮತ್ತೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ಸೆನ್ಸರ್‌ನ ತುದಿ ಮಾತ್ರ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ತೂಗುಹಾಕಿ ಕಾಯಿಸಿ. ಎರಡು ವೈರಿನದಾದರೆ ಎರಡು ಪಿನ್ನುಗಳ ನಡುವೆ, ಒಂದು ವೈರಿನದಾದರೆ ಪಿನ್ ಮತ್ತು ಹಿತ್ತಾಳೆಯ ಮೈ ನಡುವೆ ಪ್ರತಿರೋಧ ಅಳೆಯಿರಿ.

ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆ. ಅಂದಾಜಿಗೆ ಹೇಳುವುದಾದರೆ, ಇಸಿಯು ಸೆನ್ಸರ್‌ಗಳಲ್ಲಿ ಅನೇಕವು 20 ಡಿಗ್ರಿಯಲ್ಲಿ 2000ದಿಂದ 3000 ಓಮ್, 80 ಡಿಗ್ರಿಯಲ್ಲಿ 300ರ ಆಸುಪಾಸು ತೋರಿಸುತ್ತವೆ. ಒಂದು ವೈರಿನ ಸೆಂಡರ್‌ಗಳಲ್ಲಿ ಪ್ರತಿರೋಧ ಬಹಳ ಕಡಿಮೆ. ಸುಜುಕಿ ಮಾದರಿಯವು 50 ಡಿಗ್ರಿಯಲ್ಲಿ ಸುಮಾರು 150, 80ರಲ್ಲಿ ಸುಮಾರು 50, 100ರಲ್ಲಿ 30ಕ್ಕಿಂತ ಸ್ವಲ್ಪ ಕಡಿಮೆ ಓಮ್. ಅಂಕಿ ಇಷ್ಟೇ ಇರಬೇಕೆಂಬುದಕ್ಕಿಂತ, ನೀರು ಬಿಸಿಯಾದಂತೆ ಅದು ಎಲ್ಲೂ ಜಿಗಿಯದೆ, ನಿಲ್ಲದೆ ಇಳಿಯುತ್ತಿದೆಯೇ ಎಂಬುದನ್ನು ನೋಡಿ. ಒಂದು ಕಡೆ ಥಟ್ಟನೆ ಮಾಯವಾಗಿ ಮತ್ತೆ ಬಂದರೆ ಒಳಗೆ ಬಿರುಕಿದೆ. ನೀರು ಕುದಿಯುವುದನ್ನೇ 100 ಡಿಗ್ರಿ ಎಂದು ಲೆಕ್ಕ ಹಿಡಿಯುವವರು ಊರಿನ ಎತ್ತರವನ್ನೂ ನೆನೆಯಬೇಕು: ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು ಬೆಂಗಳೂರಿನಲ್ಲಿ 97ಕ್ಕೇ, ಮಡಿಕೇರಿಯಲ್ಲಿ 96ಕ್ಕೇ ಕುದಿಯುತ್ತದೆ.

ಸೆನ್ಸರ್‌ನ ತುದಿಯಲ್ಲಿ ಬಿಳಿಯ ಗಟ್ಟಿ ಪದರ ಕಂಡರೆ ಅದು ಬೋರ್‌ವೆಲ್ ನೀರು ಹಾಕಿದ್ದರ ಫಲ. ಆ ಸುಣ್ಣದ ಪದರ ಬಿಸಿಯನ್ನು ತಡವಾಗಿ ಒಳಬಿಡುವುದರಿಂದ ಮುಳ್ಳು ಯಾವಾಗಲೂ ಹಿಂದೆ ಬೀಳುತ್ತದೆ. ಸೆನ್ಸರ್ ಬದಲಿಸಿದರೆ ಸಾಲದು, ಇಡೀ ವ್ಯವಸ್ಥೆಯನ್ನು ತೊಳೆಸಿ ಸರಿಯಾದ ಕೂಲೆಂಟ್ ತುಂಬಿಸಬೇಕು.

ಹಂತ 9: ಹೊಸ ಸೆನ್ಸರ್ ಕೂರಿಸುವುದು, ಗಾಳಿ ತೆಗೆಯುವುದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಮರೆಯೂ (ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳು) ಕಪ್ಲರೂ ಹೊಂದಿಕೊಂಡರೂ ಒಳಗಿನ ಪ್ರತಿರೋಧ ಬೇರೆಯಿರುವ ಸೆನ್ಸರ್‌ಗಳು ಧಾರಾಳವಾಗಿವೆ. ‘ಬದಲಾಯಿಸಿದ ಮೇಲೂ ತಪ್ಪೇ ತೋರಿಸುತ್ತದೆ’ ಎಂಬ ದೂರಿನ ಹಿಂದೆ ಇದೂ ಒಂದು ಕಾರಣ. ಪಾರ್ಟ್ ನಂಬರ್ ತಾಳೆ ನೋಡಿ, ಆಗಲೇ ಮಲ್ಟಿಮೀಟರ್ ಹಿಡಿದು ಹಳೆಯದರ ಅಂಕಿಗೆ ಹೋಲಿಸಿದರೆ ಇನ್ನೂ ಒಳ್ಳೆಯದು.

ಒಂದು ವೈರಿನ ಸೆಂಡರ್‌ನ ಮರೆಗೆ ಬಿಳಿಯ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕಬೇಡಿ. ಅದರ ಅರ್ಥಿಂಗ್ ಆಗುವುದು ಆ ಮರೆಯ ಮೂಲಕವೇ. ಟೇಪ್ ಅಡ್ಡ ಬಂದರೆ ಹೊಸ ಸೆಂಡರ್ ಕೂಡ ಮುಳ್ಳನ್ನು ಎತ್ತುವುದಿಲ್ಲ. ವಾಷರ್ ಇರುವ ಮಾದರಿಗೆ ಹೊಸ ವಾಷರ್ ಹಾಕಿದರೆ ಸಾಕು. ಹಿತ್ತಾಳೆ ಮೆದು, ಕೂರುವ ಜಾಗ ಅಲ್ಯೂಮಿನಿಯಂ. ಕೈಯಿಂದ ತಿರುಗುವಷ್ಟು ತಿರುಗಿಸಿ, ಸ್ಪ್ಯಾನರ್‌ನಿಂದ ಸೋರದಷ್ಟು ಮಾತ್ರ ಬಿಗಿಮಾಡಿ.

ನಂತರ ಗಾಳಿ ತೆಗೆಯಬೇಕು. ಮುಚ್ಚಳ ತೆರೆದಿಟ್ಟು, ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಕೂಲೆಂಟ್ ತುಂಬಿ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ. ಮೇಲಿನ ಹೋಸನ್ನು ಮೆಲ್ಲಗೆ ಹಿಸುಕುತ್ತಿದ್ದರೆ ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತ ಹೋಗಿ. ಗುಳ್ಳೆ ನಿಂತು ನೀರು ಉಕ್ಕಲು ಶುರುವಾಗುವ ಮೊದಲೇ ಮುಚ್ಚಳ ಹಾಕಿ. ಕೆಲವು ಎಂಜಿನ್‌ಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ, ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹಂತ 10: ಎಲ್ಲವೂ ಸರಿಯಿದ್ದು ಮುಳ್ಳು ಮಾತ್ರ ಅಲುಗದಿದ್ದರೆ

ಇಷ್ಟಾದ ಮೇಲೆ ಉಳಿಯುವುದು ಕ್ಲಸ್ಟರ್. ಹೊಸ ಕಾರುಗಳಲ್ಲಿ ಮುಳ್ಳನ್ನು ತಿರುಗಿಸುವುದು ಸಣ್ಣ ಸ್ಟೆಪ್ಪರ್ ಮೋಟಾರ್. ಅದು ಅಥವಾ ಅದರ ಬೆಸುಗೆ ಹೋಗಿರಬಹುದು. ಸ್ಕ್ಯಾನರ್‌ನಲ್ಲಿ ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪು ಎಂದರೆ ಇದೇ. ಇದನ್ನು ಮನೆಯಲ್ಲಿ ಬಿಚ್ಚುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಕ್ಲಸ್ಟರ್ ರಿಪೇರಿ ಮಾಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಪಟ್ಟಣಗಳಲ್ಲಿ ಸಿಗುತ್ತಾರೆ, ಮೋಟಾರ್ ಮಾತ್ರ ಬದಲಿಸಿಕೊಡುತ್ತಾರೆ. ಇಡೀ ಕ್ಲಸ್ಟರ್ ಬದಲಿಸಿದರೆ ಓಡಿದ ಕಿಲೋಮೀಟರ್ ಲೆಕ್ಕವೂ ಬದಲಾಗುವುದರಿಂದ, ಹಳೆಯ ಓದನ್ನು ಫೋಟೊ ತೆಗೆದು, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಗಾಡಿ ಮಾರುವಾಗ ಬೇಕಾಗುತ್ತದೆ.

ಕ್ಲಸ್ಟರ್ ಸರಿಯಾಗಿ ಬರುವವರೆಗೆ ಓಬಿಡಿ ಅಡಾಪ್ಟರ್‌ನ ಅಂಕಿಯನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಓಡಿಸಬಹುದು. ಅಡಾಪ್ಟರ್ ಹಾಕಲಾಗದ ಹಳೆಯ ಗಾಡಿಯಾದರೆ ಘಾಟಿಗಳನ್ನೂ ದೀರ್ಘ ಪ್ರಯಾಣಗಳನ್ನೂ ಮುಂದೂಡಿ. ರಿಪೇರಿ ಯಾವುದೇ ಆಗಿರಲಿ, ಮುಗಿದ ಮೇಲೆ ಗಾಡಿಯನ್ನು ನಿಂತಲ್ಲೇ ಓಡಲು ಬಿಟ್ಟು ಫ್ಯಾನ್ ಕನಿಷ್ಠ ಎರಡು ಬಾರಿ ತಿರುಗಿ ನಿಲ್ಲುವುದನ್ನು ನೋಡಿ, ಆ ಹೊತ್ತಿನ ಮುಳ್ಳಿನ ಸ್ಥಾನವನ್ನು ಟೇಪ್ ಮೇಲಿನ ಅಂಕಿಯ ಜೊತೆ ಬರೆದಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನು ಇನ್ನೊಮ್ಮೆ ನೋಡಿ, ಇಳಿದಿದ್ದರೆ ತುಂಬಿಸಿ.